ಓಗೊಟ್ಟ ಪೆಟ್ಟಿಗೆ

ಬನ್ನಿ, ಕೂತುಕೊಳ್ಳಿ. ಜಗಲಿ ದೊಡ್ಡದಿದೆ, ಯಾರೂ ಏನೂ ಅನ್ನುವುದಿಲ್ಲ. ಆದರೆ ಕಾಲು ಅಲ್ಲಾಡಿಸುತ್ತಾ ಇರಿ. ಬೇರೆ ಊರುಗಳಲ್ಲಿ ಕೂತಲ್ಲಿ ಕಾಲು ಅಲ್ಲಾಡಿಸಿದರೆ ದೊಡ್ಡವರು ಬೈಯುತ್ತಾರಂತೆ. ನಮ್ಮಲ್ಲಿ ಅಲ್ಲಾಡಿಸದಿದ್ದರೆ ಬೈಯುತ್ತೇವೆ. ಸಂಜೆಗೆ ಇನ್ನೂ ಹೊತ್ತಿದೆ ನಿಜ, ಆದರೆ ಹೊರಗಿನಿಂದ ಬಂದವರಿಗೆ ರೂಢಿ ಇರುವುದಿಲ್ಲ, ಈಗಿನಿಂದಲೇ ಶುರು ಮಾಡಿಕೊಂಡರೆ ಒಳ್ಳೆಯದು. ಇಲ್ಲಿ ಪಕ್ಕದಲ್ಲಿ ಮಲಗಿರುವವರು ನನ್ನ ಯಜಮಾನರು. ಹೌದು, ಯಜಮಾನರೇ. ಮಗನೋ ಮೊಮ್ಮಗನೋ ಅಂತ ಲೆಕ್ಕ ಹಾಕಬೇಡಿ, ಹೇಳುತ್ತೇನೆ. ನಾನು ಇವರ ಅಂಗೈ ಉಜ್ಜುತ್ತಾ ಇರುತ್ತೇನೆ, ನೀವು ಕೇಳುತ್ತಾ ಇರಿ.

ನಮ್ಮ ಊರಿನಲ್ಲಿ ಸಂಜೆ ಬರಿಗೈಯಲ್ಲಿ ವಾಪಸು ಹೋಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಬರುತ್ತದೆ, ಬೀದಿ ಸುತ್ತುತ್ತದೆ, ಮನೆಯೊಳಗೂ ಬರುತ್ತದೆ, ಸುಮ್ಮನೆ ಬಿದ್ದಿರುವುದನ್ನು ತೆಗೆದುಕೊಂಡು ಹೋಗುತ್ತದೆ. ನೆಲದಲ್ಲಿ ಬೇರೂರಿದ್ದನ್ನು ಮುಟ್ಟುವುದಿಲ್ಲ. ಹಾಗಾಗಿ ಮರ, ಬಾವಿ, ಗೋಡೆ, ಕಂಬ ಉಳಿದುಕೊಂಡಿವೆ. ಮುಚ್ಚಳ ಹಾಕಿದ್ದನ್ನು ಮುಟ್ಟುವುದಿಲ್ಲ. ಅಲ್ಲಾಡುತ್ತಿರುವುದನ್ನು ಮುಟ್ಟುವುದಿಲ್ಲ. ಮಿಕ್ಕಿದ್ದೆಲ್ಲ ಅದರದ್ದು. ಎಲ್ಲಿಗೆ ಒಯ್ಯುತ್ತದೆ ಅಂತ ನನ್ನನ್ನು ಕೇಳಬೇಡಿ, ಹೋಗಿ ನೋಡಿಕೊಂಡು ಬಂದವರು ಯಾರೂ ಇಲ್ಲ.

ಅದಕ್ಕೇ ನಮ್ಮದು ಪೆಟ್ಟಿಗೆಗಳ ಊರು. ಬಿಸಿಲು ಕೆಂಪಾಗುತ್ತಿದ್ದ ಹಾಗೆ ಮನೆಮನೆಯಲ್ಲೂ ಮುಚ್ಚಳ ಹಾಕುವ ಸದ್ದು. ಸೂಜಿ ಸೂಜಿಡಬ್ಬಿಗೆ, ಬಾಚಣಿಗೆ ಬಾಚಣಿಗೆಯ ಪೆಟ್ಟಿಗೆಗೆ, ಕನ್ನಡಕ ಅದರ ಗೂಡಿಗೆ, ಎಲೆ ಅಡಿಕೆ ಎಲೆಪೆಟ್ಟಿಗೆಗೆ, ಸೀರೆ ಪಂಚೆ ಟ್ರಂಕಿಗೆ, ಹಾಸಿಗೆ ಸುತ್ತಿ ಮರದ ಸಂದೂಕಕ್ಕೆ. ಹಚ್ಚಿಟ್ಟ ದೀಪದ ಕುಡಿ ಅಲ್ಲಾಡುತ್ತದೆ, ಅದಕ್ಕೆ ಭಯವಿಲ್ಲ. ಮುಚ್ಚಳಗಳ ಸದ್ದು ನಿಂತ ಮೇಲೆ ಜನ ಬೀದಿಗೆ ಇಳಿದು ಅತ್ತಿಂದಿತ್ತ ಓಡಾಡುತ್ತಾರೆ. ಕೂಸುಗಳನ್ನು ಹೆಗಲ ಮೇಲೆ ಹಾಕಿ ತಟ್ಟುತ್ತಾರೆ, ಮಂಡಿನೋವಿನವರು ಜಗಲಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಾರೆ. ಆ ಹೊತ್ತಿನಲ್ಲಿ ಯಾರೂ ಮಲಗುವುದಿಲ್ಲ. ಸಂಜೆ ಹೋಯಿತು ಅನ್ನುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗೆ ಹೋಗುತ್ತೇವೆ. ಬೆಳಿಗ್ಗೆ ಎದ್ದರೆ ಮುಚ್ಚಳ ತೆಗೆಯುವ ಸದ್ದು.

ಈಗ ನಿಮಗೆ ಅರ್ಥವಾಗಿರಬೇಕು, ನಮ್ಮಲ್ಲಿ ದೊಡ್ಡ ಕಷ್ಟ ಯಾವುದು ಅಂತ. ಕಾಯಿಲೆಯಲ್ಲ, ಹಾಸಿಗೆ ಹಿಡಿಯುವುದು. ಕೈಕಾಲು ಆಡದೆ ಮಲಗಿದವರನ್ನು ಸಂಜೆ ಮನುಷ್ಯರು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಚಾಪೆ ತಂಬಿಗೆಯ ಜೊತೆ ಸೇರಿಸಿ ಒಯ್ದುಬಿಡುತ್ತದೆ. ಹಾಗಂತ ಕಟ್ಟಿಕೊಂಡವರನ್ನು, ಹೆತ್ತವರನ್ನು, ಒಡಹುಟ್ಟಿದವರನ್ನು ಕೊಟ್ಟು ಕೂರುವುದಕ್ಕಾಗುತ್ತದೆಯೇ? ಅವರಿಗೂ ಒಂದು ಪೆಟ್ಟಿಗೆ ನೋಡುತ್ತೇವೆ. ಒಳ್ಳೆಯ ಮರದ್ದು, ಹತ್ತಿ ಹಾಸಿದ್ದು, ಮುಚ್ಚಳ ಬಿಗಿಯಾಗಿ ಕೂರುವಂಥದ್ದು. ಅದರಲ್ಲಿ ಇಟ್ಟರೆ ಹಸಿವಿಲ್ಲ, ನೋವಿಲ್ಲ, ವಯಸ್ಸಾಗುವುದಿಲ್ಲ, ಇಟ್ಟ ದಿನ ಹೇಗಿದ್ದರೋ ಹಾಗೇ ಇರುತ್ತಾರೆ. ಬೇರೆ ಪೆಟ್ಟಿಗೆಗಳನ್ನೆಲ್ಲ ಬೆಳಿಗ್ಗೆ ತೆಗೆಯುತ್ತೇವೆ, ಮನುಷ್ಯರನ್ನಿಟ್ಟ ಪೆಟ್ಟಿಗೆಯನ್ನು ಮಾತ್ರ ತೆಗೆಯುವುದಿಲ್ಲ. ತೆಗೆದು ಹಾಕಿ ಮಾಡಿದರೆ ಬಿಗಿ ಸಡಿಲವಾಗುತ್ತದೆ ಅಂತ ಪೆಟ್ಟಿಗೆಯವನು ಮೊದಲೇ ಹೇಳಿ, ಸಂದಿಗೆ ಅರಗು ಕಾಯಿಸಿ ಹಾಕಿಕೊಡುತ್ತಾನೆ.

ನಮ್ಮ ಮನೆಯ ನಡುಕೋಣೆಯಲ್ಲಿ ಅಂಥ ಒಂದು ಪೆಟ್ಟಿಗೆ ಇತ್ತು. ಹಲಸಿನ ಮರದ್ದು, ನಾಲ್ಕು ಮೂಲೆಗೂ ಹಿತ್ತಾಳೆ. ಮೈಮೇಲೆ ಎಚ್ಚರವಿದ್ದೂ ಬೆರಳು ಎತ್ತಲಾರದ ಹಾಗೆ ಇವರು ಬಿದ್ದಾಗ ನನಗೆ ಇನ್ನೂ ಹರೆಯ. ಇವರನ್ನು ಅದರಲ್ಲಿ ಮಲಗಿಸಿದೆ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಬಟ್ಟೆಗೆ ಎಣ್ಣೆ ತಾಗಿಸಿ ಮುಚ್ಚಳ ಉಜ್ಜುತ್ತಿದ್ದೆ. ಎದೆಯ ಮೇಲೆ ಬರುವ ಜಾಗದಲ್ಲಿ ಗುಂಡಗೆ, ಬಹಳ ಹೊತ್ತು. "ರೀ, ಚೆನ್ನಾಗಿದೀರಾ?" ಅಂತ ಕೇಳುತ್ತಿದ್ದೆ. ಒಳಗೆ ಸದ್ದಿರುತ್ತಿರಲಿಲ್ಲ. ಸದ್ದಿಲ್ಲ ಅಂದರೆ ಚೆನ್ನಾಗಿದ್ದಾರೆ ಅಂತ ಅರ್ಥ, ನಮ್ಮೂರಿನಲ್ಲಿ ಎಲ್ಲರೂ ಹಾಗೇ ತಿಳಿಯುವುದು. ಬಂದವರು ಹಿತ್ತಾಳೆಯಲ್ಲಿ ಮುಖ ನೋಡಿಕೊಂಡು, ಏನು ಚೆಂದ ಇಟ್ಟುಕೊಂಡಿದ್ದೀಯ ಅನ್ನುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆಯೇ ಇತ್ತು.

ಎದುರು ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ. ತಾಯಿ ಇಲ್ಲದ ಮನೆಯಲ್ಲಿ ಅಕ್ಕನೇ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು. ಒಂದು ದಿನ ಅಕ್ಕ ಬಿದ್ದಳು. ಮಾತಿತ್ತು, ಕಣ್ಣಿತ್ತು, ಕೈಕಾಲು ಆಡುತ್ತಿರಲಿಲ್ಲ. ತಂಗಿ ಅವಳನ್ನು ಆ ಸಂಜೆ ಬೆನ್ನಿಗೆ ಕಟ್ಟಿಕೊಂಡು ಬೀದಿಯಲ್ಲಿ ಓಡಾಡಿದಳು. ಮರುದಿನವೂ ಓಡಾಡಿದಳು. ಆಮೇಲೆ ಬೆನ್ನು ತಡೆಯಲಿಲ್ಲ. ನಾನೇ ಹೋಗಿ ಹೇಳಿದೆ:

"ಎಷ್ಟು ದಿನ ಅಂತ ಹೊರ್ತೀಯೇ? ನಡಿ, ಪೆಟ್ಟಿಗೆ ಬೀದಿಗೆ ಹೋಗೋಣ. ಒಳ್ಳೇದು ನೋಡಿ ಕೊಡಿಸ್ತೀನಿ."

"ಅಕ್ಕ ಬೇಡ ಅಂತಾಳೆ, ದೊಡ್ಡಮ್ಮ."

"ಕಾಯಿಲೆ ಬಿದ್ದೋರ ಮಾತು ಯಾರು ಕೇಳ್ತಾರೆ? ಅವಳು ಇರಬೇಕೋ ಬೇಡವೋ, ಅದನ್ನ ಹೇಳು ನೀನು."

"ಇರಬೇಕು" ಅಂದಳು ತಂಗಿ. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಅಕ್ಕನಿಲ್ಲದೆ ಇರಲಾರೆ ದೊಡ್ಡಮ್ಮ, ಆಗೋದೇ ಇಲ್ಲ ನನ್ನ ಕೈಲಿ ಅಂದಳು. ಸೆರಗಿನಲ್ಲಿ ಮುಖ ಒರೆಸಿ ಕರೆದುಕೊಂಡು ಹೋದೆ.

ಪೆಟ್ಟಿಗೆ ಬೀದಿ ನೀವು ನೋಡಿಲ್ಲ ಅನ್ನಿಸುತ್ತದೆ. ಎರಡೂ ಕಡೆ ಅಂಗಡಿಗಳ ಸಾಲು, ಬೆತ್ತದ ಬುಟ್ಟಿ, ತಗಡಿನ ಡಬ್ಬಿ, ಚರ್ಮದ ಚೀಲ, ಬಳೆಯ ಭರಣಿ, ಪಿಟೀಲು ಇಡುವ ಪೆಟ್ಟಿಗೆ, ಕತ್ತಿ ಇಡುವ ಒರೆ. ಬೀದಿಯ ಕೊನೆಗೆ ದೊಡ್ಡ ಪೆಟ್ಟಿಗೆಗಳು. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಪೆಟ್ಟಿಗೆಯವನು ಗಟ್ಟಿ ಆಳು, ಮಾತು ಮೆತ್ತಗೆ. ಬಂದವರ ಮುಖ ನೋಡಿಯೇ ಯಾವ ಅಳತೆ ಅಂತ ತಿಳಿದುಕೊಳ್ಳುತ್ತಾನೆ.

ಪೆಟ್ಟಿಗೆ ಆರಿಸುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಮುಚ್ಚಳ ಎತ್ತಿ, ಒಳಗೆ ತಲೆ ಬಗ್ಗಿಸಿ, ಇಡಬೇಕಾದ್ದರ ಹೆಸರು ಹೇಳಬೇಕು. ದನಿ ಗುಂಯ್ ಅಂತ ತಿರುಗಿ ಬಂದರೆ ಆ ಪೆಟ್ಟಿಗೆ ಆಗುವುದಿಲ್ಲ, ಎಲ್ಲೋ ಸಂದಿ ಇದೆ, ಮರ ತೆಳುವಾಗಿದೆ ಅಂತ ಲೆಕ್ಕ. ಹೇಳಿದ ಹೆಸರನ್ನು ನುಂಗಿಕೊಂಡು ಸುಮ್ಮನಿದ್ದರೆ ಅದೇ ಸರಿಯಾದದ್ದು. ಸೂಜಿಯಿಂದ ಹಿಡಿದು ಮನುಷ್ಯರ ತನಕ ಹೀಗೇ ಆರಿಸುವುದು. ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ನಮಗಿಲ್ಲವಲ್ಲ, ಹಲಸಿನ ಪೆಟ್ಟಿಗೆಯೊಳಗೆ ಬಗ್ಗಿ ನಾನು ಬರೀ "ರೀ" ಅಂದಿದ್ದೆ. ಅದು ಹಾಗೇ ನುಂಗಿಕೊಂಡಿತ್ತು. ಇದಕ್ಕಿಂತ ಒಳ್ಳೇದು ಸಿಗೋದಿಲ್ಲ ತಾಯಿ ಅಂತ ಪೆಟ್ಟಿಗೆಯವನು ಆವತ್ತು ಹೇಳಿದ್ದ.

ತಂಗಿ ಒಂದೊಂದು ಪೆಟ್ಟಿಗೆಗೂ ಬಗ್ಗಿದಳು. ತೇಗದ್ದಕ್ಕೆ "ಅಕ್ಕಾ" ಅಂದಳು, ನುಂಗಿತು. ಬೀಟೆಯದ್ದಕ್ಕೆ "ಅಕ್ಕಾ" ಅಂದಳು, ನುಂಗಿತು. ಒಳಗೆ ಮಖಮಲ್ಲು ಹೊಲಿದದ್ದು, ಬೆಳ್ಳಿಯ ಚಿಲಕದ್ದು, ಕೆಳಗೆ ಕಾಲು ಜೋಡಿಸಿದ್ದು, ಎಲ್ಲಕ್ಕೂ ಬಗ್ಗಿದಳು, ಎಲ್ಲವೂ ನುಂಗಿದವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ನಾನು ಯಾವುದಾದರೂ ಒಂದು ಅನ್ನು ಮಾರಾಯ್ತಿ, ಹೊತ್ತು ಹೋಗುತ್ತಿದೆ ಅಂದೆ. ಪ್ರತಿ ಸಲ ತಲೆ ಎತ್ತಿದಾಗಲೂ ಅವಳ ಮುಖ ಇನ್ನಷ್ಟು ಸಣ್ಣಗಾಗಿರುತ್ತಿತ್ತು.

ಕೊನೆಗೆ ಅಂಗಡಿಯ ಹಿಂದಿನ ಮೂಲೆಯಲ್ಲಿ, ಗೋಡೆಗೆ ಒರಗಿಸಿಟ್ಟ ಒಂದರ ಹತ್ತಿರ ಹೋದಳು. ಅದಕ್ಕೆ ಮುಚ್ಚಳವೇ ಇರಲಿಲ್ಲ. ಮಾಡುವಾಗ ಮರ ಸಾಲದೆ ಬಂದು ಬಿಟ್ಟದ್ದಂತೆ, ಅಂಗಡಿಯವನು ಅದರಲ್ಲಿ ಹೊಟ್ಟು ತುಂಬಿಡುತ್ತಿದ್ದ. ಸಂಜೆ ಅದರ ಮೇಲೆ ಹಲಗೆ ಹೊದಿಸುತ್ತಿದ್ದ. ಬಗ್ಗಿ "ಅಕ್ಕಾ" ಅಂದಳು.

"ಅಕ್ಕಾ" ಅಂದಿತು ಪೆಟ್ಟಿಗೆ.

"ಇದನ್ನೇ ಕೊಡಿ" ಅಂದಳು ತಂಗಿ.

"ಮುಚ್ಚಳ ಇಲ್ದಿರೋದು ಪೆಟ್ಟಿಗೆ ಅಲ್ಲ, ತಾಯಿ" ಅಂದ ಪೆಟ್ಟಿಗೆಯವನು. "ಸಂಜೆಗೆ ತಟ್ಟೇಲಿಟ್ಟು ಕೊಟ್ಟ ಹಾಗಾಗುತ್ತೆ."

"ಇದು ಮಾತಾಡ್ತದೆ. ಇದೇ ಸಾಕು."

ನನಗೆ ಮೈಯೆಲ್ಲ ಉರಿದುಹೋಯಿತು. ದಾರಿಯುದ್ದಕ್ಕೂ ಬೈದೆ. ತಲೆ ನೆಟ್ಟಗಿದೆಯೇನೇ ನಿನಗೆ, ಕೈಯಾರೆ ಅಕ್ಕನನ್ನು ಕಳೀತೀಯ ಅಂದೆ. ಅವಳು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದಳು. ಮನೆಗೆ ಬಂದವಳೇ ತೊಲೆಗೆ ಹಗ್ಗ ಹಾಕಿ, ಪೆಟ್ಟಿಗೆಯ ನಾಲ್ಕು ಕಡೆಗೂ ಬಿಗಿದು, ನೆಲದಿಂದ ಮೊಳದೆತ್ತರಕ್ಕೆ ತೂಗುಹಾಕಿದಳು. ಹಳೆ ಸೀರೆ ಮಡಚಿ ಹಾಸಿದಳು. ಅಕ್ಕನನ್ನು ಎತ್ತಿ ಮಲಗಿಸಿದಳು. ಆಗ ನನಗೆ ತಿಳಿಯಿತು, ಅದು ತೊಟ್ಟಿಲು ಅಂತ.

ಆ ಸಂಜೆ ಊರೆಲ್ಲ ಬೀದಿಯಲ್ಲಿ ಓಡಾಡುತ್ತಾ ಅವರ ಬಾಗಿಲ ಕಡೆಗೇ ಕತ್ತು ತಿರುಗಿಸಿತ್ತು. ಬಾಗಿಲು ತೆರೆದಿತ್ತು. ತಂಗಿ ಕೂತು ಹಗ್ಗ ಎಳೆಯುತ್ತಿದ್ದಳು, ತೊಲೆ ಕಿರ್ರ್ ಕಿರ್ರ್ ಅನ್ನುತ್ತಿತ್ತು. ಸಂಜೆ ಒಳಗೆ ಹೋಯಿತು. ಬೀದಿಯ ಬೆಳಕು ತೆಳ್ಳಗಾದದ್ದು, ತೊಟ್ಟಿಲ ಸುತ್ತ ಇನ್ನೂ ತೆಳ್ಳಗಾದದ್ದು ನಮಗೆ ಕಾಣಿಸಿತು. ಆಮೇಲೆ ಹೊರಗೆ ಬಂತು. ಅಕ್ಕ ಇದ್ದಳು. "ನಾನು ನಿನ್ನ ತೂಗಿದ್ದೆ, ಈಗ ನೀನು ತೂಗ್ತೀಯ, ಲೆಕ್ಕ ಸರಿಹೋಯ್ತು ಬಿಡು" ಅಂತ ತಂಗಿಯನ್ನು ಚುಡಾಯಿಸುತ್ತಿದ್ದುದು ಬೀದಿಗೆ ಕೇಳಿಸಿತು. ಒಬ್ಬಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ.

ಹಾಗೇ ನಡೆಯಿತು, ಎಷ್ಟು ಕಾಲ ಅಂತ ನಾನು ಎಣಿಸಲಿಲ್ಲ. ಸಂಜೆ ಬರುತ್ತಿತ್ತು, ತೊಲೆ ಕಿರುಗುಟ್ಟುತ್ತಿತ್ತು, ಸಂಜೆ ಹೋಗುತ್ತಿತ್ತು. ತಂಗಿಯ ಅಂಗೈ ಹಗ್ಗಕ್ಕೆ ಸುಲಿದುಹೋಯಿತು. ಭುಜ ಬಾತುಕೊಂಡಿತು. ಅಕ್ಕ ಪೆಟ್ಟಿಗೆಯಲ್ಲಿಟ್ಟವರ ಹಾಗೆ ಹಾಗೇ ಉಳಿಯಲಿಲ್ಲ. ದಿನದಿನಕ್ಕೆ ಬಡವಾದಳು, ಕೂದಲು ಉದುರಿತು, ನೋವಿಗೆ ತುಟಿ ಕಚ್ಚುತ್ತಿದ್ದಳು. ಮುಚ್ಚಳವಿಲ್ಲದ ಕಡೆ ದಿನ ಓಡುತ್ತಲೇ ಇರುತ್ತದಲ್ಲ. ನಾನು ಒಳಗೊಳಗೆ, ನೋಡು, ನನ್ನ ಮಾತು ಕೇಳಿದ್ದರೆ ಈ ಗತಿ ಬರುತ್ತಿತ್ತೇ ಅಂದುಕೊಂಡೆ.

ತಂಗಿಯ ಕೈ ಪೂರಾ ಎತ್ತಲಾಗದ ದಿನ ನಾನು ಹೋಗಿ ಹಗ್ಗ ಹಿಡಿದೆ. ಅವಳನ್ನು ಬೀದಿಗೆ ಕಳಿಸಿದೆ, ಓಡಾಡಿಕೊಂಡಿರು ಅಂತ. ತೂಗುತ್ತಿರುವಾಗ ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ದೊಡ್ಡಮ್ಮ, ನಿಮ್ಮ ಯಜಮಾನರನ್ನ ಕೇಳಿದ್ರಾ?"

"ಏನನ್ನ ಕೇಳೋದು?"

"ಒಳಗಿರೋಕೆ ಇಷ್ಟ ಇದೆಯಾ ಅಂತ."

"ಅವರು ಚೆನ್ನಾಗಿದಾರೆ" ಅಂದೆ. "ಒಂದು ಕೂದಲು ಬೆಳ್ಳಗಾಗಿರಲ್ಲ. ನಿನ್ನ ಮುಖ ನೋಡ್ಕೊಂಡಿದೀಯಾ?"

"ಇದು ನನ್ನ ಮುಖ, ದೊಡ್ಡಮ್ಮ. ಹೀಗೇ ಆಗಬೇಕಾಗಿತ್ತು." ಸ್ವಲ್ಪ ಹೊತ್ತು ಉಸಿರಾಡಿಕೊಂಡಳು. "ಸಾಕು ನಿಲ್ಲಿಸು ಅಂತ ಅವಳಿಗೆ ಹೇಳಿ ಹೇಳಿ ಸಾಕಾಯ್ತು. ನನ್ನ ಮಾತು ಕೇಳಲ್ಲ. ನೀವಾದ್ರೂ ಹೇಳ್ತೀರಾ?"

ನಾನು ಕಣ್ಣು ತೊಲೆಯ ಕಡೆಗೆ ತಿರುಗಿಸಿದೆ. ಹಗ್ಗ ಎಳೆಯುತ್ತಾ ಇದ್ದೆ. ತಂಗಿ ವಾಪಸು ಬಂದಾಗಲೂ ಹೇಳಲಿಲ್ಲ. ಅವಳಿಗೆ ಹೇಳಿದರೆ ನನಗೂ ಹೇಳಿಕೊಂಡ ಹಾಗಾಗುತ್ತಿತ್ತು, ಅದು ನನಗೆ ಬೇಕಿರಲಿಲ್ಲ.

ನಿನ್ನೆ ಸಂಜೆಯ ಕಥೆ ಕೇಳಿ. ತಂಗಿ ತೂಗುತ್ತಿದ್ದಳು. ನಾನು ಅವರ ಹೊಸ್ತಿಲ ಬಳಿ ನಿಂತು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದೆ. ತೊಟ್ಟಿಲ ಪಕ್ಕದಲ್ಲಿ ಕಂಬ. ತೊಟ್ಟಿಲು ಆ ಕಡೆಗೆ ಹೋದಾಗ, ಬಿದ್ದ ದಿನದಿಂದ ಬೆರಳು ಆಡಿಸದಿದ್ದ ಅಕ್ಕ ಕೈ ಹೊರಗೆ ಚಾಚಿದಳು. ಕಂಬ ಹಿಡಿದಳು. ತೊಟ್ಟಿಲು ನಿಂತಿತು. ತಂಗಿ ಎಳೆದಳು, ಬರಲಿಲ್ಲ. ಬಿಡು ಅಕ್ಕ, ಬಿಡೇ ಅಂತ ಮತ್ತೆ ಎಳೆದಳು, ಬರಲಿಲ್ಲ. ಅಕ್ಕ ತಂಗಿಯ ಮುಖವನ್ನೇ ನೋಡುತ್ತಿದ್ದಳು. "ಕೈ ನೋಡು ನಿಂದು, ಹೇಗಾಗಿದೆ" ಅಂದಳು. ಅಷ್ಟೇ. ತೊಟ್ಟಿಲ ಸುತ್ತ ಬೆಳಕು ತೆಳ್ಳಗಾಯಿತು. ತಂಗಿಯ ಕೈಯಲ್ಲಿ ಹಗ್ಗ ಹಗುರವಾಯಿತು. ಅಕ್ಕ ಇರಲಿಲ್ಲ, ಪೆಟ್ಟಿಗೆ ಇರಲಿಲ್ಲ, ಹಾಸಿದ್ದ ಸೀರೆ ಇರಲಿಲ್ಲ. ತೊಲೆಯಿಂದ ಹಗ್ಗದ ತುದಿಗಳು ಮಾತ್ರ ತೂಗುತ್ತಿದ್ದವು.

ತಂಗಿ ಎದೆ ಬಡಿದುಕೊಂಡು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಆ ಕಂಬದ ಹತ್ತಿರ ಹೋಗಿ ಕೈಯಿಟ್ಟಳು. "ದೊಡ್ಡಮ್ಮ, ಎಷ್ಟು ಬಲ ಇತ್ತು ಗೊತ್ತಾ ಅವಳ ಕೈಯಲ್ಲಿ" ಅಂದಳು. "ನನಗಿಂತ ಜಾಸ್ತಿ ಇತ್ತು."

ಆ ಮಾತು ನನ್ನ ಜೊತೆ ಮನೆಗೆ ಬಂತು. ಆಡದ ಕೈ ಅಂತ ಊರಿಗೆಲ್ಲ ಗೊತ್ತಿದ್ದ ಕೈ ಆಡಿತ್ತು. ಹಾಗಾದರೆ ನನ್ನ ಮನೆಯ ಕೈಯ ಕಥೆ ಏನು? ನಡುಕೋಣೆಗೆ ಹೋಗಲು ಭಯವಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. ಇವತ್ತು ಬೆಳಿಗ್ಗೆ ಊರೆಲ್ಲ ಮುಚ್ಚಳ ತೆಗೆಯುತ್ತಿರುವಾಗ ನಾನೂ ಈಳಿಗೆಮಣೆಯ ತುದಿಯಿಂದ ಅರಗು ಕೆರೆಯಲು ಕೂತೆ. ಕೆರೆದು ಮುಗಿಯುವುದಕ್ಕೆ ಮಧ್ಯಾಹ್ನವಾಯಿತು. ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದೆ.

ಮೊದಲು ಕಂಡದ್ದು ಇವರಲ್ಲ, ಮುಚ್ಚಳದ ಒಳಮೈ. ಒಳಗೆಲ್ಲ ಒರಟು ಮರ, ಉಳಿಯ ಗೆರೆ ಹಾಗೇ ಇತ್ತು. ಒಂದು ಜಾಗದಲ್ಲಿ ಮಾತ್ರ, ಎದೆಯ ಮೇಲೆ ಬರುವ ಕಡೆ, ಅಂಗೈ ಅಗಲ, ಗುಂಡಗೆ, ನಮ್ಮ ಮನೆಯ ಹೊಸ್ತಿಲಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹೊರಗಿನಿಂದ ನಾನು ಎಣ್ಣೆ ಹಾಕಿ ಉಜ್ಜುತ್ತಿದ್ದೆನಲ್ಲ, ಅದರ ಕೆಳಗೇ, ಸರಿಯಾಗಿ ಅದೇ ಜಾಗ. ನಾನು ಉಜ್ಜಿದಾಗಲೆಲ್ಲ ಇವರೂ ಒಳಗಿನಿಂದ ಉಜ್ಜಿದ್ದರು.

ಕೆಳಗೆ ನೋಡಿದೆ. ಹರೆಯದ ಮುಖ, ಕಪ್ಪು ಕೂದಲು, ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿ ಗೊಂದಲಪಟ್ಟರು.

"ಯಾರಮ್ಮ ನೀವು? ಅವಳೆಲ್ಲಿ?"

ಈ ಮುಖ ಇಟ್ಟುಕೊಂಡು ನಾನು ಏನು ಹೇಳಲಿ? ನಾನೇ ಕಣ್ರೀ ಅನ್ನಲು ನಾಚಿಕೆಯಾಯಿತು. ಕೊನೆಗೆ "ರೀ" ಅಂದೆ.

"ಆಂ" ಅಂದರು.

ಆಮೇಲೆ ಬಹಳ ಹೊತ್ತು ನನ್ನ ಮುಖ ನೋಡಿದರು. "ನೀನು ಕೂಗಿದಾಗಲೆಲ್ಲ ಆಂ ಅಂದಿದೀನಿ" ಅಂದರು. "ನಿನಗೆ ಕೇಳಿಸ್ತಿರಲಿಲ್ಲ ಅಂತ ಕಾಣುತ್ತೆ."

ಅಯ್ಯೋ, ನಾನು ಹೇಗೆ ಅತ್ತೆ ಅಂತ ಹೇಳುವುದಿಲ್ಲ, ಅದು ನಿಮಗೆ ಬೇಡ. ನುಂಗುವ ಪೆಟ್ಟಿಗೆಯನ್ನೇ ಹುಡುಕಿ ಹುಡುಕಿ ತಂದವಳು ನಾನಲ್ಲವೇ? ಇಬ್ಬರೂ ಒಂದೇ ಜಾಗದಲ್ಲಿ ಕೈಯಿಟ್ಟುಕೊಂಡು, ನಡುವೆ ಒಂದು ಹಲಗೆ ಇಟ್ಟುಕೊಂಡು, ನನ್ನ ಹರೆಯವೆಲ್ಲ ಹೋಯಿತು.

ತಂಗಿಯನ್ನು ಕೂಗಿದೆ. ಬಂದು ಒಂದು ಮಾತೂ ಕೇಳದೆ ಕಾಲಿನ ಕಡೆ ಹಿಡಿದಳು. ಇಬ್ಬರೂ ಎತ್ತಿ ತಂದು ಇವರನ್ನು ಈ ಜಗಲಿಯಲ್ಲಿ ಮಲಗಿಸಿದೆವು. ಬಿಸಿಲು ಬೇಕು ಅಂದರು, ಬಿಸಿಲಿಗೆ ಸರಿಸಿದೆವು. ಎದುರು ಮನೆಯ ದಾಸವಾಳ ಎಷ್ಟು ಎತ್ತರ ಆಗಿದೆ ಅಂದರು. ಗಂಜಿ ಬೇಕು ಅಂದರು, ನಾಲ್ಕು ಗುಟುಕು ಕುಡಿದರು. ಹಸಿವಾಗೋದು ಚೆನ್ನಾಗಿರುತ್ತೆ ಅಂತ ನಕ್ಕರು. ಬಿಸಿಲಿಗೆ ಬಂದ ಮೇಲೆ ಕಿವಿಯ ಹತ್ತಿರ ಕೂದಲು ಬೆಳ್ಳಗಾಗುತ್ತಾ ಬಂತು, ನೋಡಿ, ನಾವು ಮಾತಾಡುತ್ತಿರುವಾಗಲೇ ಇನ್ನಷ್ಟು ಆಗಿದೆ. ನನ್ನ ಹತ್ತಿರಕ್ಕೆ ಬರುತ್ತಿದ್ದಾರೆ.

ಅಲ್ಲಿ ಮುಚ್ಚಳದ ಸದ್ದು ಶುರುವಾಯಿತು, ಕೇಳಿಸಿತೇ? ನೀವಿನ್ನು ಎದ್ದು ಬೀದಿಗೆ ಇಳಿಯಿರಿ, ತಂಗಿ ಅಲ್ಲೇ ಓಡಾಡುತ್ತಿದ್ದಾಳೆ, ಅವಳ ಜೊತೆ ಸೇರಿಕೊಳ್ಳಿ. ಹಗ್ಗ ಬಿಚ್ಚಿ ಸುತ್ತಿ ತನ್ನ ಜಗಲಿಯ ಮೇಲೆ ಇಟ್ಟಿದ್ದಾಳೆ, ಡಬ್ಬಿಗೆ ಹಾಕಿಲ್ಲ. ಇವತ್ತು ಅವಳ ಮನೆಯಲ್ಲೇ ಊಟಕ್ಕೆ ಕರೆದಿದ್ದಾಳೆ, ನೀವೂ ಬನ್ನಿ. ನನ್ನ ಚಿಂತೆ ಮಾಡಬೇಡಿ, ನನ್ನ ಕಾಲು ಅಲ್ಲಾಡುತ್ತಲೇ ಇರುತ್ತದೆ. ಇವರು ಅಲ್ಲಾಡುತ್ತಿರುವುದು ಮಾತ್ರ ನನ್ನ ಕೈಯಿಂದ. ನಾನು ಅಂಗೈ ಉಜ್ಜುತ್ತಿರುವ ತನಕ ಸಂಜೆ ಇವರನ್ನು ಮುಟ್ಟುವುದಿಲ್ಲ. ನಾಳೆಯೂ ಉಜ್ಜಬಹುದು, ನಾಡಿದ್ದೂ ಉಜ್ಜಬಹುದು. ಆ ಹುಡುಗಿಯ ಹಾಗೆ ಕೈ ಸುಲಿಯುವ ತನಕ ಉಜ್ಜಬಹುದು.

ಏನಂದ್ರಿ, ರೀ?

ನೀವೂ ಕೇಳಿಸಿಕೊಂಡಿರಿ ತಾನೇ, ಏನಂದರು ಅಂತ. ಸಾಕು ಅಂದರು. ನಿನ್ನ ಕೈ ನೋಯುತ್ತೆ ಅಂದರು.

ಈ ಸಲ ನನಗೆ ಕೇಳಿಸಿತು. ಇಗೋ, ಕೈ ನಿಲ್ಲಿಸಿದೆ.